ಓಡಿದವನೇ ಗಟ್ಟಿಗ ಅಂತ ಯಾರು ಹೇಳಿದ್ರು?

ಬ್ಲಾಗಿಗೆ ಧೂಳು ಹಿಡಿದಿತ್ತು. ಪಾಸ್‌ವರ್ಡೇ ಮರೆತು ಹೋಗಿತ್ತು ಅಂದ್ರೆ ನಂಬ್ತೀರಾ? ಬರೆಯಲೇಬೇಕು ಅನ್ನಿಸುವಂಥದ್ದು ಎಷ್ಟೋ ದಿನದಿಂದ ಏನೂ ಇರಲಿಲ್ಲ. ಈಗ ಸಿಟ್ಟು ಬಂದಿದೆ, ಅದಕ್ಕೆ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗಬಹುದು. ಚಹಾ ಇಟ್ಕೊಂಡು ಕೂತ್ಕೊಳ್ಳಿ.

ಎಳ್ಳಮವಾಸ್ಯೆಗೆ ಊರಿಗೆ ಹೋಗಿದ್ದೆ. ನಮ್ಮೂರು ಐಗಳಿ, ಅಥಣಿ ತಾಲೂಕು. ಆ ಕಡೆ ಕೃಷ್ಣೆಯ ದಂಡೆಯಲ್ಲಿ ಕಬ್ಬು, ಈ ಕಡೆ ನಮ್ಮ ಒಣ ನೆಲದಲ್ಲಿ ದ್ರಾಕ್ಷಿ. ನಿಮ್ಮ ಪಾಯಸದಲ್ಲಿ ತೇಲುವ ಒಣದ್ರಾಕ್ಷಿಯಲ್ಲಿ ನಾಲ್ಕಾದರೂ ನಮ್ಮ ಸೀಮೆಯವು ಇರಬಹುದು. ಬೆಳಗಿನ ಜಾವ ಐದಕ್ಕೆ ಎದ್ದು ಅಥಣಿ-ವಿಜಯಪುರ ರಸ್ತೆ ಕಡೆ ಹೋದರೆ ನಿಮಗೊಂದು ದೃಶ್ಯ ಕಾಣುತ್ತೆ. ಮೊದಲು ಕತ್ತಲಲ್ಲಿ ಬರೀ ಹೆಜ್ಜೆ ಸಪ್ಪಳ, ಆಮೇಲೆ ಏದುಸಿರು, ಆಮೇಲೆ ಹುಡುಗರು. ಕಬ್ಬಿನ ಟ್ರ್ಯಾಕ್ಟರ್ ಲೈಟ್ ಬಿದ್ದಾಗ ಒಬ್ಬೊಬ್ಬರಾಗಿ ರಸ್ತೆ ಬಿಟ್ಟು ಮಣ್ಣಿಗೆ ಇಳೀತಾರೆ, ಅದು ದಾಟಿದ ಮೇಲೆ ಮತ್ತೆ ಡಾಂಬರಿಗೆ. ಕೆಲವರ ಕಾಲಲ್ಲಿ ಬೂಟು, ಕೆಲವರ ಕಾಲಲ್ಲಿ ಏನೂ ಇಲ್ಲ. ಎಲ್ಲರೂ 'ಭರ್ತಿ'ಗೆ ತಯಾರಾಗ್ತಾ ಇರೋರು. ಪೊಲೀಸ್ ಭರ್ತಿ, ಮಿಲಿಟರಿ ಭರ್ತಿ, ಅರಣ್ಯ ಇಲಾಖೆ... ಯಾವುದಾದರೂ ಸರಿ.

ಈ ಸಲ ಆ ಗುಂಪಿನಲ್ಲಿ ನಮ್ಮಣ್ಣನ ಮಗ ಇರಲಿಲ್ಲ. ಎರಡು ವರ್ಷ ದಿನಾ ಓಡಿದವನು. ಕೇಳಿದರೆ "ಬಿಡ ಕಾಕಾ, ಆ ಸುದ್ದಿ ತಗೀಬ್ಯಾಡ" ಅಂದ.

ವೈನಿ ಆಮೇಲೆ ಹೇಳಿದರು. ಒಂದು ಭರ್ತಿಯಲ್ಲಿ ಹುಡುಗ ಬರೆಯುವ ಪರೀಕ್ಷೆ ಪಾಸಾಗಿದ್ದ. ಎತ್ತರ ಆಯ್ತು, ಎದೆ ಆಯ್ತು, ಓಟ ಆಯ್ತು, ಜಿಗಿತವೂ ಆಯ್ತು. ಗುಂಡು ಎಸೆತದಲ್ಲಿ ಮೂರು ಅವಕಾಶ. ಮೂರರಲ್ಲಿ ಒಳ್ಳೆಯದು ಯಾವುದೋ ಅದು ಹನ್ನೆರಡು ಸೆಂಟಿಮೀಟರ್ ಕಡಿಮೆ ಬಿತ್ತು. ಹನ್ನೆರಡು ಸೆಂಟಿಮೀಟರ್ ಅಂದ್ರೆ ನೀವು ಇದನ್ನು ಓದ್ತಾ ಇರೋ ಮೊಬೈಲಿಗಿಂತ ಚಿಕ್ಕದು. ಅಲ್ಲಿಗೆ ಮುಗೀತು. ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನೆ.

"ಊರಾಗ ಗುಂಡ ಎಲ್ಲಿಂದ ತರೂದು ಕಾಕಾ? ನಾ ಕಲ್ಲ ಒಗದ ಒಗದ ಪ್ರ್ಯಾಕ್ಟೀಸ್ ಮಾಡಿದ್ದೆ" ಅಂದ, ರಾತ್ರಿ ಊಟಕ್ಕೆ ಕೂತಾಗ. ಕಲ್ಲು ಎಸೆದು ಗುಂಡು ಎಸೆಯೋದು ಕಲಿಯೋಕಾಗಲ್ಲ ಸ್ವಾಮಿ. ಗುಂಡನ್ನು ಎಸೆಯೋದಲ್ಲ, ಕುತ್ತಿಗೆ ಹತ್ತಿರ ಇಟ್ಟುಕೊಂಡು ಸೊಂಟ ತಿರುಗಿಸಿ ದೂಡಬೇಕು. ಅದೊಂದು ಪಟ್ಟು, ಕುಸ್ತಿಯ ಪಟ್ಟಿನ ಹಾಗೆ. ಗೊತ್ತಿದ್ದವನು ತೋರಿಸಿದರೆ ಹದಿನೈದು ದಿನದಲ್ಲಿ ಬರುವಂಥದ್ದು. ತೋರಿಸುವವನು ಇಲ್ಲದಿದ್ದರೆ ಎಮ್ಮೆಯಂಥ ಬಲ ಇದ್ದರೂ ಬರಲ್ಲ. ಅಂದರೆ ಅಲ್ಲಿ ಪರೀಕ್ಷೆಯಾದದ್ದು ಅವನ ರಟ್ಟೆಯ ಬಲ ಅಲ್ಲ, ಅವನ ಹತ್ತಿರ ಗುಂಡು ಇತ್ತೋ ಇಲ್ಲವೋ ಅನ್ನೋದು.

ನನ್ನ ಜಗಳ ಶುರುವಾಗೋದು ಇಲ್ಲಿಂದ.

ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಯ ಅಧಿಸೂಚನೆಗಳನ್ನ ತೆಗೆದು ನೋಡಿ. ಗಂಡಸರಿಗೆ 1600 ಮೀಟರ್ ಓಟ ಆರೂವರೆ ನಿಮಿಷದಲ್ಲಿ. ಉದ್ದ ಜಿಗಿತ 3.80 ಮೀಟರ್ ಇಲ್ಲಾ ಎತ್ತರ ಜಿಗಿತ 1.20 ಮೀಟರ್. 7.26 ಕೆ.ಜಿ. ಗುಂಡು 5.60 ಮೀಟರ್. ಎತ್ತರ 168 ಸೆಂ.ಮೀ., ಎದೆ 86 ಸೆಂ.ಮೀ., ಉಬ್ಬಿಸಿದರೆ ಇನ್ನೈದು. ಈ ಸಂಖ್ಯೆಗಳನ್ನ ನಮ್ಮೂರ ಹುಡುಗರು ಮಗ್ಗಿ ಥರ ಹೇಳ್ತಾರೆ. ಯಾಕೆ 1600, ಯಾಕೆ 7.26 ಅಂತ ಮಾತ್ರ ಯಾರೂ ಕೇಳಲ್ಲ. ನಾನು ಲೆಕ್ಕ ಹಾಕಿದೆ. ಒಂದು ಮೈಲಿ ಅಂದ್ರೆ 1609 ಮೀಟರ್ ಚಿಲ್ಲರೆ. ಹದಿನಾರು ಪೌಂಡ್ ಅಂದ್ರೆ 7.26 ಕೆ.ಜಿ. ತೂಕ-ಅಳತೆಗೆ ಮೆಟ್ರಿಕ್ ಪದ್ಧತಿ ತರುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1956ರಲ್ಲಿ. ಪೌಂಡು ಮೈಲಿ ಎಲ್ಲಾ ಅಂಗಡಿಯಿಂದ ಹೋದವು, ನಮ್ಮ ಹುಡುಗರ ಹೆಗಲಿಂದ ಮಾತ್ರ ಇಳಿದಿಲ್ಲ. ಇವು ಇಂಗ್ಲೆಂಡಿನ ಕ್ರೀಡಾಕೂಟದ ಅಳತೆಗಳು. ಕಳ್ಳನ್ನ ಹಿಡಿಯೋದಕ್ಕೆ ಏನು ಬೇಕು ಅಂತ ಯೋಚನೆ ಮಾಡಿ ಮಾಡಿದ್ದಲ್ಲ.

ಎತ್ತರದ ಕಥೆ ಇದಕ್ಕಿಂತ ಚೆಂದ. 1996ರಲ್ಲಿ ಹುಟ್ಟಿದ ಭಾರತದ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂ.ಮೀ., ಹೆಂಗಸರದು ಸುಮಾರು 153 ಅಂತ 2016ರಲ್ಲಿ ಬಂದ ಒಂದು ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನ ಲೆಕ್ಕ ಹಾಕಿತ್ತು. ನಮ್ಮ ಭರ್ತಿಯಲ್ಲಿ ಗಂಡಸರಿಗೆ 168, ಹೆಂಗಸರಿಗೆ 157. ಅಂದರೆ ಸೀಟಿ ಊದುವ ಮೊದಲೇ ಅರ್ಧಕ್ಕಿಂತ ಹೆಚ್ಚು ಜನ ಮನೆಗೆ! ಎತ್ತರ ಅನ್ನೋದು ದೈಹಿಕ ಸಾಮರ್ಥ್ಯವೇ ಅಲ್ಲ. ಅದು ಅಪ್ಪ-ಅವ್ವ ಕೊಟ್ಟಿದ್ದು, ಚಿಕ್ಕಂದಿನಲ್ಲಿ ಹೊಟ್ಟೆಗೆ ಬಿದ್ದದ್ದು. ಯಾವ ಸಾಮು ಮಾಡಿದರೂ ಇಪ್ಪತ್ತೆರಡನೇ ವಯಸ್ಸಿಗೆ ಒಂದು ಸೆಂಟಿಮೀಟರ್ ಹೆಚ್ಚಾಗಲ್ಲ. ಎದೆ ಅಳತೆಯೂ ಅಷ್ಟೇ. ಟೇಪು ಹಿಡಿದಾಗ ಉಸಿರು ಎಳೆದು ಪಕ್ಕೆ ಅಗಲಿಸುವುದು ಅಭ್ಯಾಸದಿಂದ ಬರುವ ವಿದ್ಯೆ, ಶ್ವಾಸಕೋಶದ ಸರ್ಟಿಫಿಕೇಟ್ ಅಲ್ಲ. 2023ರಲ್ಲಿ ಹರಿಯಾಣದಲ್ಲಿ ಅರಣ್ಯ ಇಲಾಖೆಯ ಹುದ್ದೆಗೆ ಬಂದ ಹುಡುಗಿಯರಿಗೂ ಎದೆ ಅಳತೆಯ ನಿಯಮ ಹಾಕಿ ದೊಡ್ಡ ಗಲಾಟೆಯಾಯ್ತು. ಅದೇ ವರ್ಷ ರಾಜಸ್ಥಾನದ ಹೈಕೋರ್ಟ್ ಇಂಥದ್ದೇ ನಿಯಮಕ್ಕೆ ಛೀಮಾರಿ ಹಾಕಿತು. ಬುದ್ಧಿ ಬರೋಕೆ ಕೋರ್ಟಿಗೆ ಹೋಗಬೇಕಾಯ್ತು ನೋಡಿ.

ಈಗ ನಿಮ್ಮಲ್ಲಿ ಒಬ್ಬರು ಕಮೆಂಟ್ ಹಾಕೋದು ನನಗೆ ಗೊತ್ತು: "ಲಕ್ಷಗಟ್ಟಲೆ ಜನ ಬರ್ತಾರೆ, ಜರಡಿ ಹಿಡೀಲೇಬೇಕಲ್ವಾ?" ಹಿಡೀರಿ. ಬೇಡ ಅಂದವರು ಯಾರು? ಆದರೆ ಜರಡಿಗೆ ಜರಡಿ ಅಂತ ಹೆಸರಿಡಿ. 'ದೈಹಿಕ ಸಾಮರ್ಥ್ಯ ಪರೀಕ್ಷೆ' ಅಂತ ಕರೀಬೇಡಿ. ಜರಡಿಯಿಂದ ಕೆಳಗೆ ಬಿದ್ದ ಹುಡುಗ ಊರಿಗೆ ಬಂದು ತನ್ನ ಮೈಯೇ ಕೆಲಸಕ್ಕೆ ಬಾರದ್ದು ಅಂತ ನಂಬಿಬಿಡ್ತಾನೆ. ನಮ್ಮ ಹುಡುಗ ನಂಬಿದ್ದಾನೆ.

ಕೆಲಸಕ್ಕೆ ತಕ್ಕ ಪರೀಕ್ಷೆ ಮಾಡೋದು ಸಾಧ್ಯ ಅನ್ನೋದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕೆಪಿಟಿಸಿಎಲ್ ಕಿರಿಯ ಪವರ್‌ಮ್ಯಾನ್ ಭರ್ತಿಯಲ್ಲಿ ಎಂಟು ಮೀಟರ್ ವಿದ್ಯುತ್ ಕಂಬ ಹತ್ತೋದು ಕಡ್ಡಾಯ. ಆಹಾ! ಕಂಬ ಹತ್ತುವ ಕೆಲಸಕ್ಕೆ ಕಂಬ ಹತ್ತುವ ಪರೀಕ್ಷೆ. ಹಿಡಿತ, ಕಾಲಿನ ಬಲ, ಸಮತೋಲ, ಎತ್ತರದ ಹೆದರಿಕೆ, ಎಲ್ಲಾ ಒಂದೇ ಕಂಬದಲ್ಲಿ ಗೊತ್ತಾಗುತ್ತೆ. ಇದನ್ನ ಯೋಚಿಸಿದ ಪುಣ್ಯಾತ್ಮ ಯಾರೋ, ಅವರಿಗೊಂದು ಶರಣು. ಆದರೆ ಅದೇ ಪಟ್ಟಿಯಲ್ಲಿ ಕೆಳಗೆ ಗುಂಡು ಎಸೆತವೂ ಇದೆ. ಲೈನ್‌ಮ್ಯಾನ್ ಗುಂಡನ್ನು ಯಾರ ಮೇಲೆ ಎಸೀಬೇಕು ಅಂತ ನನಗಿನ್ನೂ ತಿಳಿದಿಲ್ಲ :-)

ಸೈನ್ಯದವರದ್ದು ಇನ್ನೊಂದು ಥರ. ಅಗ್ನಿಪಥ ಬಂದದ್ದು 2022ರ ಜೂನ್‌ನಲ್ಲಿ. ಆ ನಾಲ್ಕು ವರ್ಷದ ನೌಕರಿ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಅದಿರಲಿ. ಅವರ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟಕ್ಕೂ ಬೀಮ್ ಹಿಡಿದು ಮೇಲೇಳೋದಕ್ಕೂ ಅಂಕ ಇದೆ. ಹತ್ತು ಸಲ ಎದ್ದರೆ ನಲವತ್ತು ಅಂಕ, ಒಂಬತ್ತಕ್ಕೆ ಮೂವತ್ಮೂರು, ಹೀಗೆ ಇಳೀತಾ ಹೋಗುತ್ತೆ. ಒಂಬತ್ತು ಅಡಿ ಹಳ್ಳ ಜಿಗಿಯೋದು, ಹಾವಿನಂತೆ ಸುತ್ತಿದ ಪಟ್ಟಿ ಮೇಲೆ ಬೀಳದೆ ನಡೆಯೋದು, ಇವೂ ಇವೆ. ಅಂದರೆ ದಮ್ಮು, ರಟ್ಟೆ, ನೆಗೆತ, ಸಮತೋಲ ಅಂತ ಮೈಗೆ ಬೇರೆ ಬೇರೆ ಮುಖಗಳಿವೆ ಅನ್ನೋದನ್ನ ಅವರಾದರೂ ಒಪ್ಪಿದ್ದಾರೆ. ಒಂದರಲ್ಲಿ ಸ್ವಲ್ಪ ಕಡಿಮೆ ಬಿದ್ದವನು ಇನ್ನೊಂದರಲ್ಲಿ ತುಂಬಿಕೊಳ್ಳೋದಕ್ಕೆ ಅಷ್ಟಿಷ್ಟು ಜಾಗ ಇದೆ.

ಒಂದೇ ಒಂದು ಪರೀಕ್ಷೆಗೆ ಜೋತುಬಿದ್ದರೆ ಏನಾಗುತ್ತೆ ಅಂತ 2024ರಲ್ಲಿ ಝಾರ್ಖಂಡದಲ್ಲಿ ನೋಡಿದ್ದೇವೆ. ಅಬಕಾರಿ ಕಾನ್‌ಸ್ಟೆಬಲ್ ಭರ್ತಿಗೆ ಗಂಡಸರು ಒಂದು ಗಂಟೆಯಲ್ಲಿ ಹತ್ತು ಕಿಲೋಮೀಟರ್ ಓಡಬೇಕಿತ್ತು, ಆಗಸ್ಟಿನ ಸೆಕೆಯಲ್ಲಿ. ಹತ್ತಕ್ಕೂ ಹೆಚ್ಚು ಹುಡುಗರು ಸತ್ತುಹೋದರು. ಪೇಪರಿನಲ್ಲಿ ಎರಡು ದಿನ ಬಂತು, ಆಮೇಲೆ ನಾವೆಲ್ಲಾ ಮರೆತೆವು. ನಮ್ಮೂರ ರಸ್ತೆಯಲ್ಲಿ ಓಡುವ ಹುಡುಗರಂಥವರೇ ಅವರು. ಅವರ ಎದೆ ಎಷ್ಟು ಸೆಂಟಿಮೀಟರ್ ಅಂತ ಅಳೆಯೋ ಪದ್ಧತಿ ನಮ್ಮಲ್ಲಿದೆ, ಆ ಎದೆಯೊಳಗಿನ ಹೃದಯ ಹೇಗಿದೆ ಅಂತ ಓಡಿಸುವ ಮೊದಲು ನೋಡುವ ಪದ್ಧತಿ ಇಲ್ಲ.

ಸರ್ಕಾರಕ್ಕೆ ಬೈದದ್ದು ಸಾಕು. ಈಗ ನಮ್ಮೂರಿಗೂ ಸ್ವಲ್ಪ ಬೈತೀನಿ, ಇಲ್ಲದಿದ್ದರೆ ನ್ಯಾಯ ಆಗಲ್ಲ.

ಇದನ್ನೆಲ್ಲಾ ಕಟ್ಟೆ ಮೇಲೆ ಕೂತು ಹೇಳಿದರೆ ನಮ್ಮ ಹಿರಿಯರು ಏನಂತಾರೆ ಗೊತ್ತಾ? "ಈಗಿನ ಹುಡುಗ್ರು ಏನ್ ಗಟ್ಟಿ ಅದಾವು ಬಿಡು. ನಾವು ಕ್ವಿಂಟಲ್ ಚೀಲ ಹೊತ್ತೇವಿ, ಜಾತ್ರ್ಯಾಗ ಸಂಗ್ರಾಣಿ ಕಲ್ಲ ಎತ್ತೇವಿ." ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಪಟ್ಟಣದಲ್ಲಿ ಕೂತ ನೀವೂ ಬ್ಲಾಗ್ ಬರೆದು ಬರೆದು ಇದಕ್ಕೆ ಉಪ್ಪು ಹಾಕಿದ್ದೀರಿ: ಹಳ್ಳಿಯವರು ಗಟ್ಟಿ, ಜೋಳದ ರೊಟ್ಟಿ, ಮುತ್ಯಾನ ಕಾಲ, ಇತ್ಯಾದಿ. ನಾನೂ ಬರೆದಿದ್ದೆ, ಹಳೆ ಪೋಸ್ಟುಗಳಲ್ಲಿ ಹುಡುಕಿದರೆ ಸಿಗುತ್ತೆ. ಕಲ್ಲು ಎತ್ತಿದವನು ಗಟ್ಟಿಗನೇ, ಒಪ್ಪಿದೆ. ಆದರೆ ಕಲ್ಲು ಎತ್ತಿದವನು ಹೆಂಡತಿ ಹಿಂದೆ ಗುಡ್ಡ ಹತ್ತಿಯಾನು ಅಂತ ಏನೂ ಗ್ಯಾರಂಟಿ ಇಲ್ಲ. ಕ್ವಿಂಟಲ್ ಚೀಲ ಹೊತ್ತ ಹಮಾಲರು ಐವತ್ತಕ್ಕೆಲ್ಲಾ ಸೊಂಟ ಹಿಡ್ಕೊಂಡು ಕೂತದ್ದನ್ನ ನಾವೇ ನೋಡಿದ್ದೇವೆ. ಒಬ್ಬ ಮನುಷ್ಯ ಕೈಯಿಂದ ಹೊರುವ ಭಾರ 55 ಕೆ.ಜಿ. ದಾಟಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ನಾವು ಅದನ್ನ ಗಂಡಸುತನದ ಪರೀಕ್ಷೆ ಮಾಡಿಕೊಂಡೆವು.

ನನಗೆ ಹಟ ಬಂತು. ಅವತ್ತು ಸಂಜೆ ಮನೆ ಅಂಗಳದಲ್ಲೇ ಎಲ್ಲರಿಗೂ ಪರೀಕ್ಷೆ ಇಟ್ಟೆ. ಬೇಕಾದ ಸಾಮಾನು ಒಂದು ಗಡಿಯಾರ, ಒಂದು ಟೇಪು, ಮನೆ ಮುಂದಿನ ಮೆಟ್ಟಿಲು, ಅಷ್ಟೇ.

ಮೊದಲನೆಯದು ಕೂತು ಏಳೋದು. ಬ್ರೆಜಿಲ್ ದೇಶದ ಕ್ಲಾಡಿಯೋ ಜಿಲ್ ಅರಾವುಜೊ ಅನ್ನುವ ವೈದ್ಯರು ಮಾಡಿದ್ದು. ನಿಂತವರು ನೆಲದ ಮೇಲೆ ಕೂರಬೇಕು, ಮತ್ತೆ ಏಳಬೇಕು. ಕೂರೋದಕ್ಕೆ ಐದು, ಏಳೋದಕ್ಕೆ ಐದು ಅಂಕ. ಕೈ ಊರಿದರೆ, ಮೊಳಕಾಲು ಊರಿದರೆ, ತೊಡೆ ಮೇಲೆ ಕೈ ಕೊಟ್ಟರೆ, ಒಂದೊಂದಕ್ಕೆ ಒಂದೊಂದು ಅಂಕ ಕಟ್. ತೂರಾಡಿದರೆ ಅರ್ಧ ಕಟ್. 51ರಿಂದ 80 ವಯಸ್ಸಿನ ಎರಡು ಸಾವಿರ ಜನರನ್ನ ಹೀಗೆ ಕೂರಿಸಿ ಎಬ್ಬಿಸಿ, ವರ್ಷಗಟ್ಟಲೆ ಅವರ ಲೆಕ್ಕ ಇಟ್ಟು, ಕಡಿಮೆ ಅಂಕ ಬಂದವರು ಬೇಗ ಸಾಯುವುದು ಹೆಚ್ಚು ಅಂತ 2012ರಲ್ಲಿ ಬರೆದರು. ಏಳೋಕಾಗದ್ದಕ್ಕೇ ಸಾಯ್ತಾರೆ ಅಂತಲ್ಲ. ಕಾಲಿನ ಬಲ, ಕೀಲಿನ ಮಣಿತ, ತೂಕ, ಸಮತೋಲ ನಾಲ್ಕೂ ಎಲ್ಲಿಗೆ ಬಂದಿವೆ ಅಂತ ಅದು ಒಟ್ಟಿಗೆ ತೋರಿಸುತ್ತೆ.

ನಮ್ಮವ್ವನಿಗೆ ಎಪ್ಪತ್ತರ ಹತ್ತಿರ. ಸೀರೆ ನೆರಿಗೆ ಒತ್ತಿಕೊಂಡು ಯಾವ ಆಸರೆಯೂ ಇಲ್ಲದೆ ಕೂತಳು. ಏಳುವಾಗ ಮೊಳಕಾಲಿನ ಮೇಲೆ ಒಂದು ಕೈ ಕೊಟ್ಟಳು. ಒಂಬತ್ತು! "ದಿನಾ ಒಲಿ ಮುಂದ ಐವತ್ತ ಸಲ ಏಳ್ತೇನಿ ಕುಂಡ್ರತೇನಿ. ಇದಕ್ಕೂ ಪರೀಕ್ಷಾ ಏನಪಾ?" ಅಂದಳು. ಆಮೇಲೆ ನಾನು. ಕೂರುವಾಗ ಕೈ ಊರಿದೆ. ಏಳುವಾಗ ಕೈಯೂ ಊರಿದೆ, ಮೊಳಕಾಲೂ ಊರಿದೆ. ಏಳು. ದಿನಾ ಹತ್ತು ಸಾವಿರ ಹೆಜ್ಜೆ ಅಂತ ಕೈಗಡಿಯಾರ ತೋರಿಸ್ತಾ ತಿರುಗೋ ಮನುಷ್ಯ ನಾನು. (ಈ ಹತ್ತು ಸಾವಿರ ಅನ್ನೋದೂ ಯಾವ ವೈದ್ಯರ ಲೆಕ್ಕವೂ ಅಲ್ಲ. 1965ರ ಹೊತ್ತಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರೋದಕ್ಕೆ ಅದಕ್ಕೆ 'ಹತ್ತು ಸಾವಿರ ಹೆಜ್ಜೆ' ಅಂತ ಹೆಸರಿಟ್ಟರು, ಅದೇ ಅಂಟಿಕೊಂಡಿತು.)

ಹಾಗಂತ ಅವ್ವ ಗೆದ್ದಳು ಅಂತ ಚಪ್ಪಾಳೆ ಹೊಡೀಬೇಡಿ. ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗಿ ಅಂದೆ, ಆಗಲಿಲ್ಲ. ಹಿಡಿತ ಹೋಗಿದೆ. ಹಿಡಿತ ಸಣ್ಣ ವಿಷಯ ಅಲ್ಲ. ಹದಿನೇಳು ದೇಶಗಳ ಸುಮಾರು 1,40,000 ಜನರ ಕೈ ಹಿಡಿತ ಅಳೆದ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಅದರಲ್ಲಿತ್ತು. ಹಿಡಿತ ಐದು ಕೆ.ಜಿ. ಕಡಿಮೆ ಇದ್ದರೆ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚು ಕಂಡಿತಂತೆ. ನಮ್ಮ ಹಳ್ಳಿಗಳಲ್ಲಿ ಹಿಡಿತ ಅಳೆಯುವ ಯಂತ್ರ ಯಾರು ನೋಡಿದ್ದಾರೆ? ಆದರೆ ಬಾಟಲಿ ಮುಚ್ಚಳ ಎಲ್ಲರ ಮನೆಯಲ್ಲೂ ಇದೆ.

ಟ್ರ್ಯಾಕ್ಟರ್ ಹುಡುಗನನ್ನ ಕಾಲು ಚಾಚಿ ಕೂರಿಸಿ ಬೆರಳು ಮುಟ್ಟು ಅಂದೆ. ಒಂದು ಗೇಣು ದೂರ! ಎರಡು ವರ್ಷ ಬರೀ ಓಡಿ ಓಡಿ ತೊಡೆ ಹಿಂದಿನ ನರ ಹಗ್ಗದ ಹಾಗೆ ಬಿಗಿದು ಹೋಗಿದೆ. ದಂಡ ಹೊಡಿ ಅಂದರೆ ಹನ್ನೊಂದಕ್ಕೆ ಮಲಗಿಬಿಟ್ಟ. ಗುಂಡು ಯಾಕೆ ಹನ್ನೆರಡು ಸೆಂಟಿಮೀಟರ್ ಹಿಂದೆ ಬಿತ್ತು ಅಂತ ಎರಡು ನಿಮಿಷದಲ್ಲಿ ಗೊತ್ತಾಯ್ತು. ಈ ಎರಡು ನಿಮಿಷ ಎರಡು ವರ್ಷದ ಹಿಂದೆ ಯಾರಾದರೂ ಅವನಿಗೆ ಕೊಟ್ಟಿದ್ದರೆ? ನಾನೂ ಕೊಡಲಿಲ್ಲ. ಫೋನಿನಲ್ಲಿ "ಚೆನ್ನಾಗಿ ಓಡು" ಅಂತ ಹೇಳಿ ಇಡ್ತಿದ್ದೆ.

ಕೊನೆಗೆ ಅಣ್ಣ. ವಯಸ್ಸು 54. ಊರೆಲ್ಲಾ 'ಗಟ್ಟಿ ಆಳು' ಅಂತ ಹೆಸರು. ಈಗಲೂ ಗೊಬ್ಬರದ ಚೀಲ ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ನಡೀತಾನೆ. ಅವನಿಗೆ ಮೆಟ್ಟಿಲ ಪರೀಕ್ಷೆ. ಇದರ ಮೂಲ ರೂಪ 1943ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಬ್ರೂಹಾ ಅನ್ನುವವರು ಮಾಡಿದ್ದು, ಇಪ್ಪತ್ತು ಇಂಚಿನ ಪೀಠ ಐದು ನಿಮಿಷ ಹತ್ತಿ ಇಳಿಯೋದು. ಅದು ಜವಾನರಿಗೆ, ನಮ್ಮಂಥವರಿಗಲ್ಲ. ನಾನು ಹಗುರಾದದ್ದು ಮಾಡಿಸಿದೆ: ಒಂದಡಿ ಮೆಟ್ಟಿಲು, ಮೂರು ನಿಮಿಷ, ನಿಮಿಷಕ್ಕೆ 24 ಸಲ, ಆಮೇಲೆ ಕೂತು ಒಂದು ನಿಮಿಷ ನಾಡಿ ಎಣಿಸೋದು. ಅಣ್ಣ ನಗ್ತಾ ಶುರು ಮಾಡಿದ. ಎರಡನೇ ನಿಮಿಷಕ್ಕೆ ನಗು ನಿಂತಿತು. ನಾಡಿ 140ರ ಹತ್ತಿರ. ಮತ್ತೊಮ್ಮೆ ಎಣಿಸಿದೆ, ನನ್ನ ಎಣಿಕೆಯೇ ತಪ್ಪಿರಬೇಕು ಅಂತ. ತಪ್ಪಿರಲಿಲ್ಲ.

ಮರುದಿನ ಬಲವಂತದಿಂದ ಅಥಣಿಗೆ ಕರ್ಕೊಂಡು ಹೋದೆ. ಬಿಪಿ 170/100. ಸಕ್ಕರೆಯೂ ಇದೆ. "ನನಗೇನೂ ಆಗಿಲ್ಲೋ, ನಿನ್ನೆ ಚೀಲ ಹೊತ್ತೇನಿ" ಅಂತಲೇ ಇದ್ದ, ಗುಳಿಗೆ ಚೀಟಿ ಕೈಯಲ್ಲಿ ಹಿಡಿದುಕೊಂಡು. ಚೀಲ ಹೊರಬಲ್ಲೆ ಅನ್ನೋದೇ ಅವನ ವೈದ್ಯಕೀಯ ಸರ್ಟಿಫಿಕೇಟ್ ಆಗಿತ್ತು, ಮೂವತ್ತು ವರ್ಷ. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಏನೂ ಮಾತಾಡಲಿಲ್ಲ.

ಅದಕ್ಕೇ ನಾನು ಹೇಳ್ತಾ ಇರೋದು. ಪರೀಕ್ಷೆ ಬೇಡ ಅನ್ನುವವರ ಪೈಕಿ ನಾನಲ್ಲ. ಪರೀಕ್ಷೆ ಇನ್ನೂ ಬೇಕು, ಎಲ್ಲರಿಗೂ ಬೇಕು. ದಮ್ಮು ಬೇರೆ, ಬಲ ಬೇರೆ, ಬಲವನ್ನ ಹೊತ್ತುಗಟ್ಟಲೆ ತಾಳಿಕೊಳ್ಳೋದು ಬೇರೆ, ಮೈ ಮಣಿಯೋದು ಬೇರೆ, ಬೀಳದೆ ನಿಲ್ಲೋದು ಬೇರೆ. ನಮ್ಮ ಅಂಗಳದಲ್ಲಿ ನಾಲ್ಕು ಜನ ಇದ್ದೆವು. ನಾಲ್ವರೂ ಒಂದರಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಓಟ ಒಂದನ್ನೇ ಇಟ್ಟಿದ್ದರೆ ಅವ್ವ ದುರ್ಬಲೆ, ಚೀಲ ಒಂದನ್ನೇ ಇಟ್ಟಿದ್ದರೆ ಅಣ್ಣ ಆರೋಗ್ಯವಂತ.

ಅಮೆರಿಕದವರಿಗೆ ಈ ಪಾಠ ಸಿಕ್ಕಿದ್ದು 1950ರ ದಶಕದಲ್ಲಿ. ಕ್ರಾಸ್-ವೆಬರ್ ಅಂತ ಒಂದು ಸಾದಾ ಪರೀಕ್ಷೆ, ಹೊಟ್ಟೆ-ಬೆನ್ನಿನ ಬಲ ಮತ್ತು ಮಣಿತ ನೋಡುವಂಥದ್ದು. ಅವರ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಫೇಲು, ಯುರೋಪಿನ ಮಕ್ಕಳಲ್ಲಿ ನೂರಕ್ಕೆ ಹತ್ತೂ ಇಲ್ಲ. ಅಧ್ಯಕ್ಷ ಐಸೆನ್‌ಹೋವರ್ ಗಾಬರಿ ಬಿದ್ದು 1956ರಲ್ಲಿ ಒಂದು ಮಂಡಳಿಯನ್ನೇ ಕಟ್ಟಿದರು. ಆಮೇಲೆ ಶಾಲೆಗಳಲ್ಲಿ ಪರೀಕ್ಷೆ ಬಂತು, ಪ್ರಶಸ್ತಿ ಬಂತು, ಕೊನೆಗೆ ಬೀಮಿಗೆ ಜೋತುಬಿದ್ದ ದಪ್ಪ ಹುಡುಗರನ್ನ ಎಲ್ಲರೆದುರು ನಗೆಪಾಟಲು ಮಾಡುವ ದಿನವಾಗಿ ಅದು ಉಳೀತು. 2012ರ ಸುಮಾರಿಗೆ ಅದನ್ನ ಕೈಬಿಟ್ಟರು. 2025ರಲ್ಲಿ ಟ್ರಂಪ್ ಮತ್ತೆ ತರ್ತೀನಿ ಅಂತ ಆದೇಶ ಹೊರಡಿಸಿದರು. ಪರೀಕ್ಷೆ ಇಟ್ಟು ಪ್ರಶಸ್ತಿ ಕೊಡೋದು ಸುಲಭ, ಫೇಲಾದವನ ಕೈ ಹಿಡಿಯೋದು ಯಾರಿಗೂ ನೆನಪಾಗಲ್ಲ.

ನಮ್ಮಲ್ಲೂ ಕಾಗದದ ಮೇಲೆ ಎಲ್ಲಾ ಇದೆ. 1959-60ರಲ್ಲೇ ಕೇಂದ್ರ ಸರ್ಕಾರ ರಾಷ್ಟ್ರೀಯ ದೈಹಿಕ ಸಾಮರ್ಥ್ಯ ಅಭಿಯಾನ ಶುರು ಮಾಡಿತ್ತು. 2019ರ ಆಗಸ್ಟ್ 29ಕ್ಕೆ ಫಿಟ್ ಇಂಡಿಯಾ ಬಂತು. ಶಾಲೆ ಮಕ್ಕಳಿಗಾಗಿ ಖೇಲೋ ಇಂಡಿಯಾದವರು ಮಾಡಿದ ಪರೀಕ್ಷೆಗಳ ಪಟ್ಟಿ ನೋಡಿದರೆ ನಿಜಕ್ಕೂ ಖುಷಿಯಾಗುತ್ತೆ. ಚಿಕ್ಕ ಮಕ್ಕಳಿಗೆ ಒಂಟಿಕಾಲಲ್ಲಿ ನಿಲ್ಲೋದು, ತಟ್ಟೆ ಮುಟ್ಟುವ ಚುರುಕು. ದೊಡ್ಡವರಿಗೆ 50 ಮೀಟರ್ ಓಟ, 600 ಮೀಟರ್ ಓಟ-ನಡಿಗೆ, ಕೂತು ಬಗ್ಗೋದು, ಹೊಟ್ಟೆ ವ್ಯಾಯಾಮ, ದಂಡ. ಒಳ್ಳೆ ಪಟ್ಟಿ, ಒಂದು ಸೆಟ್ ದಂಡಕ್ಕೂ ದುಡ್ಡು ಬೇಡ. ಅಣ್ಣನ ಮಗಳು ಒಂಬತ್ತನೇ ವರ್ಗ. "ನಿಮಗೆ ಇದು ಮಾಡಿಸಿದ್ರೇನ?" ಅಂತ ಕೇಳಿದೆ.

"ಓಡಿಸೇ ಇಲ್ಲ ಕಾಕಾ. ವರ್ಗದಾಗ ಕುಂದ್ರಿಸಿ ಎತ್ತರ ಎಷ್ಟ, ತೂಕ ಎಷ್ಟ ಅಂತ ಕೇಳಿ ಬರಕೊಂಡ್ರು."

600 ಮೀಟರ್ ಓಡದ ಹುಡುಗಿಯ 600 ಮೀಟರ್ ಸಮಯ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಕೂತಿರಬಹುದು. ಮೇಷ್ಟ್ರನ್ನೊಬ್ಬರನ್ನೇ ಬೈದು ಏನು ಪ್ರಯೋಜನ? ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ. ಇದ್ದವರ ಕೈಗೆ ಬೇರೆ ನೂರು ಕೆಲಸ ಕೊಟ್ಟಿರ್ತಾರೆ. ನಾನು ಕಲಿಯುವಾಗಲೂ ಡ್ರಿಲ್ ಪಿರಿಯಡ್ ಅಂದ್ರೆ ಗಣಿತದ ಸರ್ ಎತ್ತಿಕೊಳ್ಳುವ ಪಿರಿಯಡ್ ಆಗಿತ್ತು.

ನಮ್ಮ ಹಳೆ ಗರಡಿ ಮನೆಯಲ್ಲಿ ಒಂದು ವಿಷಯ ಮಾತ್ರ ಸರಿ ಇತ್ತು. ನಮ್ಮ ಕಡೆ ವಸ್ತಾದ ಅಂತೀವಿ, ಸಾಮು ಕಲಿಸುವವನು. ಕೊಲ್ಲಾಪುರದ ತಾಲೀಮುಗಳಲ್ಲಿ ಮಣ್ಣು ಮುಟ್ಟಿ ಬಂದವರು ನಮ್ಮ ಸೀಮೆಯಲ್ಲಿ ಬಹಳ. ಹೊಸ ಹುಡುಗ ಬಂದರೆ ವಸ್ತಾದ ಅವನನ್ನ ಎರಡು ದಿನ ಸುಮ್ಮನೆ ನೋಡ್ತಿದ್ದ. ಕುತ್ತಿಗೆ ಸಣ್ಣದಾ, ದಮ್ಮು ಕಡಿಮೆನಾ, ಸೊಂಟ ಮಣೀತದಾ. ಆಮೇಲೆ ಒಬ್ಬನಿಗೆ ಬೈಠಕ್ ಹೆಚ್ಚು, ಇನ್ನೊಬ್ಬನಿಗೆ ಹಗ್ಗ ಹತ್ತೋದು, ಮತ್ತೊಬ್ಬನಿಗೆ ಮಣ್ಣು ಅಗಿಯೋದು. 'ನೀನು ಫೇಲು, ಮನೆಗೆ ಹೋಗು' ಅಂದದ್ದು ನಾನು ಕೇಳಿಲ್ಲ. ಏನು ಕಡಿಮೆ ಇದೆಯೋ ಅದನ್ನ ತುಂಬೋದಕ್ಕೇ ಆ ಪರೀಕ್ಷೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿದ ಕೆ.ವಿ. ಅಯ್ಯರ್ ನೆನಪಾಗ್ತಾರೆ. 'ಶಾಂತಲಾ', 'ರೂಪದರ್ಶಿ' ಬರೆದವರು ಅಂತ ನಮಗೆ ಗೊತ್ತು, ಮೈ ಕಟ್ಟುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಿದವರು ಅನ್ನೋದನ್ನ ಸಾಹಿತ್ಯದವರು ಮರೀತಾರೆ. ಗರಡಿಯಲ್ಲಿ ಎಲ್ಲಾ ಸರಿ ಇತ್ತು ಅಂತಲ್ಲ. ನಮ್ಮವ್ವನಿಗೂ ಅಣ್ಣನ ಮಗಳಿಗೂ ಅಲ್ಲಿ ಜಾಗ ಇರಲಿಲ್ಲ. ನಾಡಿ ಎಣಿಸುವವರೂ ಇರಲಿಲ್ಲ.

ಒಂದು ತಾಲೂಕಿಗೆ ಒಂದು ಮೈದಾನ, ಅದರಲ್ಲಿ ಸುಣ್ಣ ಹಾಕಿದ 400 ಮೀಟರ್ ಸುತ್ತು, ಎರಡು ಗುಂಡು, ಒಂದು ಬೀಮು, ಒಂದು ಬಿಪಿ ಯಂತ್ರ, ಭರ್ತಿಗೆ ಆರು ತಿಂಗಳ ಮುಂಚೆ ತಿಂಗಳಿಗೊಮ್ಮೆ ಪುಕ್ಕಟೆ ಪರೀಕ್ಷೆ. ಎಲ್ಲಿ ಕಡಿಮೆ ಇದೆ ಅಂತ ಒಂದು ಚೀಟಿ ಬರೆದು ಕೊಡಲಿ. ಇದಕ್ಕೆ ಎಷ್ಟು ಖರ್ಚಾಗುತ್ತೆ ಹೇಳಿ? ಒಂದು ಸ್ವಾಗತ ಕಮಾನಿನ ದುಡ್ಡು ಸಾಕು. ಭರ್ತಿಯಾದ ಮೇಲೂ ಇದು ನಿಲ್ಲಬಾರದು. 2018ರಲ್ಲಿ ಕೆಎಸ್ಆರ್‌ಪಿಯಲ್ಲಿ ಹೊಟ್ಟೆ ಇಳಿಸಿ ಅಂತ ಎಚ್ಚರಿಕೆ ಕೊಡಬೇಕಾಗಿ ಬಂದದ್ದು ನೆನಪಿದೆಯಲ್ಲ? 22ನೇ ವಯಸ್ಸಿನಲ್ಲಿ ಹನ್ನೆರಡು ಸೆಂಟಿಮೀಟರ್‌ಗೆ ಮನೆಗೆ ಕಳಿಸುವ ವ್ಯವಸ್ಥೆ 42ನೇ ವಯಸ್ಸಿನಲ್ಲಿ ಅದೇ ಗುಂಡನ್ನ ಕೈಗೆ ಕೊಟ್ಟು ನೋಡಲಿ.

ಊರು ಬಿಡುವ ಹಿಂದಿನ ದಿನ ಅಥಣಿಯಲ್ಲಿ ಗುಂಡು ಹುಡುಕಿದೆ, ಸಿಗಲಿಲ್ಲ. ಬೆಳಗಾವಿಯಲ್ಲಿ ಒಬ್ಬ ಗೆಳೆಯನಿಗೆ ಹೇಳಿ ತರಿಸಿ ಬಸ್ಸಿನಲ್ಲಿ ಕಳಿಸಿದೆ. ಕಂಡಕ್ಟರ್ "ಏನ್ರೀ ಇದು, ಬಾಂಬ್ ಐತೇನು?" ಅಂತ ಚೀಲ ಬಿಚ್ಚಿಸಿ ನೋಡಿದನಂತೆ :-) ಹುಡುಗ ಎರಡು ದಿನ ಅದನ್ನ ಮುಟ್ಟಲೇ ಇಲ್ಲ, ಪಡಸಾಲೆ ಮೂಲೆಯಲ್ಲಿ ಇಟ್ಟಿದ್ದ ಅಂತ ವೈನಿ ಫೋನಿನಲ್ಲಿ ಹೇಳಿದರು. ಮೂರನೇ ದಿನ ಅಂಗಳದಲ್ಲಿ ಮಣ್ಣು ಕೆದರಿದ ಗುರುತು ಇತ್ತಂತೆ. ಅವ್ವ ಸೆಗಣಿ ಸಾರಿಸಿದ ನೆಲ ಹಾಳಾಯ್ತು ಅಂತ ಬೈದಳಂತೆ. ಅಣ್ಣ ಗುಳಿಗೆ ತಗೋತಾನೆ, ಒಂದು ದಿನ ಬಿಟ್ಟು ಒಂದು ದಿನ.

ಈಗ ನೀವು ಎದ್ದು ನಿಲ್ಲಿ. ಕುರ್ಚಿ ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತು ಏಳಿ. ಮೊಳಕಾಲು ನೋವಿದ್ದವರು ಒಬ್ಬರೇ ಇದ್ದಾಗ ಮಾಡಬೇಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಹತ್ತಕ್ಕೆ ಎಷ್ಟು ಬಂತು ಅಂತ ಕಮೆಂಟಿನಲ್ಲಿ ಹಾಕಿ, ಸುಳ್ಳು ಬೇಡ. ನನ್ನದು ಏಳು.